ಬೋಲ್ಟಿನ ಪೆಟ್ಟಿಗೆ

ಅರಸೀಕೆರೆ ಜಂಕ್ಷನ್ನಿನ ಗೂಡ್ಸ್ ಶೆಡ್ಡಿನ ಹಿಂದೆ
ಹಳೇ ಇನ್‌ಸ್ಟಿಟ್ಯೂಟ್ ಹಾಲು. ಕೇರಂ ಬೋರ್ಡು ಗೋಡೆಗೆ ಒರಗಿಸಿ
ಮಂಗಳವಾರ, ಶುಕ್ರವಾರ, ಆರರಿಂದ ಏಳೂವರೆ
ಇಂಗ್ಲಿಷ್ ಹೇಳಿಕೊಡುತ್ತೇನೆ
ಹಳಿ ರಿಪೇರಿಯ ಹನ್ನೊಂದು ಜನಕ್ಕೆ.
ಇಲಾಖೆ ಪರೀಕ್ಷೆ ಮಾರ್ಚಿಗೆ.
ಅಂಗೈಯ ಗ್ರೀಸು ನೋಟುಬುಕ್ಕಿನ ಮೂಲೆಗೂ ಹತ್ತಿದೆ.

ಮೊದಲ ದಿನ ಕ್ರಿಯಾಪದದ ಜಾತಿ.
ಏನನ್ನು ಅಂತ ಕೇಳಿ; ಉತ್ತರ ಬಂದರೆ ಸಕರ್ಮಕ.
ಎತ್ತುತ್ತಾಳೆ. ಏನನ್ನು? ಸುತ್ತಿಗೆಯನ್ನು.
ಬಡಿಯುತ್ತಾಳೆ. ಏನನ್ನು? ಕೀಲನ್ನು.
ನಿಲ್ಲುತ್ತಾಳೆ.
ಏನನ್ನು?
"ಗಾಡಿ ದಾಟೋ ತಂಕ ಸುಮ್ನೆ ನಿಲ್ಲೋದು ಕಣ್ರೀ ಮೇಷ್ಟ್ರೇ,
ಅದ್ಕೆ ಏನನ್ನೂ ಇಲ್ಲ" ಅಂದಳು ಚಿಕ್ಕತಾಯಮ್ಮ.
ಅಕರ್ಮಕಕ್ಕೆ ಇಷ್ಟು ಒಳ್ಳೆ ಲಕ್ಷಣ
ನನ್ನ ಬಿ.ಎಡ್. ಟಿಪ್ಪಣಿಯಲ್ಲಿ ಇರಲಿಲ್ಲ.

ಇನ್ನೊಂದು ಜಾತಿ ಉಂಟು, ತಾನೇನೂ ಮಾಡದೆ
ಅತ್ತ ಇತ್ತ ಎರಡನ್ನೂ ಹಿಡಿದುಕೊಂಡಿರುವುದು:
ಆಮ್, ಈಸ್, ಆರ್.
ನಮ್ಮಲ್ಲಿ ಅದು ಬೇಕೆಂದೇ ಇಲ್ಲ. ಇವಳು ನನ್ನ ತಂಗಿ, ಮುಗಿಯಿತು.
ನಜೀರ್ ಸಾಬಿ ತಲೆ ಕೆರೆದುಕೊಂಡ:
"ಫಿಷ್‌ಪ್ಲೇಟು ಅನ್ನಿ. ಎರಡು ಹಳಿ ನಡುವಿನ ಪಟ್ಟಿ.
ನಮ್ ಮಾತು ಬೆಸುಗೆ ಹಾಕಿದ ಹಳಿ. ಜಾಯಿಂಟೇ ಕಾಣಲ್ಲ."

ಆಮೇಲೆ ಶುರುವಾಯಿತು ಎಸ್ಸಿನ ಕಾಟ.
ಕನ್ನಡದ ಕ್ರಿಯಾಪದ ಬಾಲದಲ್ಲೇ ಗುರುತಿನ ಚೀಟಿ ಕಟ್ಟಿಕೊಂಡು ತಿರುಗುತ್ತದೆ.
ಬಂದೆ ಅಂದರೆ ನಾನು, ಬಂದಳು ಅಂದರೆ ಅವಳು,
ಕರ್ತೃ ಮನೆಯಲ್ಲಿ ಮಲಗಿದ್ದರೂ ನಡೆಯುತ್ತದೆ.
ಇಲ್ಲಿ ಇರುವುದು ಒಂದೇ ಅಕ್ಷರ,
ಅದೂ ಒಬ್ಬರೇ ಇದ್ದಾಗ, ಅದೂ ವರ್ತಮಾನಕ್ಕೆ ಮಾತ್ರ.
ಹೆಸರಿಗೆ ಎಸ್ ಹಾಕಿದರೆ ಕೆಲಸಕ್ಕಿಲ್ಲ,
ಕೆಲಸಕ್ಕೆ ಹಾಕಿದರೆ ಹೆಸರಿಗಿಲ್ಲ.
ಇಬ್ಬರಿಗೂ ಸೇರಿ ಒಂದೇ ರೇನ್‌ಕೋಟು.

"ಇಂಜಿನಿಯರ್ ಸಾಹೇಬ್ರಿಗೂ ಅದೇ ಕಮ್ಸಾ?" ಬಸವಲಿಂಗು ಎದ್ದು ನಿಂತ.
"ಬತ್ತಾರೆ ಅನ್ನೋಕೆ ಬೇರೆ ಇಲ್ವಾ?"
ಇಲ್ಲ. ಸಾಹೇಬರು ಕಮ್ಸ್. ಟೀ ತರುವ ಹುಡುಗ ಕಮ್ಸ್.
ಪ್ಲಾಟ್‌ಫಾರಂ ನಾಯಿ ಕಮ್ಸ್.
ಹಿಂದಿನ ಬೆಂಚಿನಲ್ಲಿ ಯಾರೋ ತೊಡೆ ತಟ್ಟಿಕೊಂಡು ನಕ್ಕರು.

ಚಿಕ್ಕತಾಯಮ್ಮ ನಗಲಿಲ್ಲ.
"ನಮ್ಮವ್ವ ಬಂತು ಅಂದ್ರೆ ಇಸ್ಕೂಲಲ್ಲಿ ಬೆರಳ ಗೆಣ್ಣಿಗೆ ಬಾರಿಸೋರು,
ಬಂತು ಅನ್ನೋದು ದನಕ್ಕೆ, ಬಂದಳು ಅನ್ನು ಅಂತ.
ಹೆತ್ತವ್ವನ್ನ ಬಂದಳು ಅನ್ನೋಕೆ ನಾಲಿಗೆ ಏಳಬೇಕಲ್ಲ."
ಬೋರ್ಡಿನ ಮೇಲೆ ಹೀ, ಶೀ, ಇಟ್,
ಮೂರಕ್ಕೂ ಒಂದೇ ಬಾಲ. ಬಹಳ ಹೊತ್ತು ನೋಡಿದಳು.
"ಹಂಗಾರೆ ನಾನ್ ಹೇಳಿದ್ದು ಸರಿ ಇತ್ತು."

ನನ್ನವ್ವ ಗಂಡಸಿ ಕಡೆಯವಳು. ನಮ್ಮ ಮನೆಯಲ್ಲೂ
ಅಜ್ಜಿ ಬಂತು, ಅಪ್ಪ ಉಂಡ್ತು, ಅಕ್ಕ ನಗ್ತು.
ಇಪ್ಪತ್ತೆರಡು ವರ್ಷ ಆ ಬಂತುಗಳ ಕೆಳಗೆ
ಕೆಂಪು ಗೆರೆ ಎಳೆದವನು ನಾನೇ.
ಚಾಕ್‌ಪೀಸು ಹುಡುಕುವವನಂತೆ ಬಗ್ಗಿದೆ.

ದ ಬಾಕ್ಸ್ ಆಫ್ ಬೋಲ್ಟ್ಸ್.
ಈಸಾ, ಆರಾ? ಒಂಬತ್ತು ಕೈ ಆರಿಗೆ ಎದ್ದವು.
ತಪ್ಪು ಅವರದಲ್ಲ. ಬೋಲ್ಟಿನ ಪೆಟ್ಟಿಗೆ ಅನ್ನುವಾಗ
ಯಜಮಾನ ಕೊನೆಗೆ ಬಂದು ಕ್ರಿಯಾಪದದ ಪಕ್ಕ ಕೂರುತ್ತಾನೆ.
ಇಂಗ್ಲಿಷಿನಲ್ಲಿ ಅವನು ಮುಂದೆ ಹೋಗಿಬಿಟ್ಟಿರುತ್ತಾನೆ,
ನಡುವೆ ಬೋಲ್ಟುಗಳ ಗದ್ದಲ.
"ಒಳಗೆ ಎಷ್ಟಾದ್ರೂ ಇರ್ಲಿ," ಅಂದಳು ಚಿಕ್ಕತಾಯಮ್ಮ,
"ಹೆಗಲಿಗೆ ಬರೋದು ಪೆಟ್ಟಿಗೆ. ಒಂದೇ."

ಏಳಕ್ಕೆ ಗೂಡ್ಸ್ ಗಾಡಿ. ಕಿಟಕಿ ಗಾಜು ನಡುಗಿತು.
ನನ್ನ ಮಾತು ನಿಂತಿತು. ಅಭ್ಯಾಸಬಲ, ಹನ್ನೊಂದೂ ಜನ
ಅರ್ಧ ಬರೆದ ಸಾಲಿನಿಂದ ಪೆನ್ನು ಎತ್ತಿ ಎದ್ದು ನಿಂತರು,
ಐವತ್ತೆಂಟು ಬೋಗಿ ದಾಟುವ ತನಕ.

ರಾತ್ರಿ ತಿದ್ದಲು ಕೂತರೆ ಚಿಕ್ಕತಾಯಮ್ಮನ ಪುಟ:
ಮೈ ಮದರ್ ಕಮ್.
ಇಷ್ಟೆಲ್ಲ ಆಗಿಯೂ ಎಸ್ ಮರೆತಿದ್ದಾಳೆ.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
ಮಂಗಳವಾರ ಕೇಳೋಣ ಅಂತ
ಪುಟದ ಮೂಲೆ ಮಡಿಸಿದೆ.